ಸುಮ್ನೆ ಖುಷಿಗೆ ಮಾಡಿದ ವೆಬ್‌ಸೈಟು, ಜನರೇಟರು, ವಿಚಿತ್ರ ಯಂತ್ರ: ನಿಮ್ಮ ಹತ್ತಿರ ಏನೇನಿದೆ?

ಒಂಟಿಕೊಪ್ಪಲ್ ಓದುಗ:
ಮೈಸೂರು, ಮಂಡ್ಯ ಕಡೆಯವರೆಲ್ಲ ಸೇರಿ ಒಂದು ಪಟ್ಟಿ ಮಾಡೋಣ ಅಂತ ಆಸೆ. ಯಾರೋ ಒಬ್ಬರೋ ಇಬ್ಬರೋ ಕೂತು, ಬರೀ ಖುಷಿಗೆ ಅಂತ ಮಾಡಿ ಇಂಟರ್ನೆಟ್‌ಗೆ ಬಿಟ್ಟಿರುವ ವಸ್ತುಗಳ ಪಟ್ಟಿ. ಷರತ್ತು ಇಷ್ಟೇ. ದುಡ್ಡು ಕೇಳಬಾರದು, ಫೋನ್ ನಂಬರ್ ಕೇಳಬಾರದು, ಮನೆಮಂದಿಗೆಲ್ಲ ತೋರಿಸುವ ಹಾಗಿರಬೇಕು. ಕೈಯಲ್ಲಿ ಹಿಡಿದು ಆಡುವ ಯಂತ್ರಗಳಿದ್ದರೂ ಹೇಳಿ. ಜನರೇಟರ್ ಅಂದರೆ ಕರೆಂಟಿನದಲ್ಲ, ಗುಂಡಿ ಒತ್ತಿದರೆ ತಾನೇ ಬರಹ ಹುಟ್ಟಿಸಿಕೊಡುವಂಥದ್ದು.

ನಮ್ಮದೇ ಅಕ್ಷರದಿಂದ ಶುರು ಮಾಡುತ್ತೇನೆ. ಇದನ್ನು ನೋಡಿ:

ಠ_ಠ

ಕನ್ನಡದ ಗಂಧಗಾಳಿ ಇಲ್ಲದ ಅಮೆರಿಕದ, ಯುರೋಪಿನ ಹುಡುಗರು ಇದನ್ನು ವರ್ಷಗಟ್ಟಲೆಯಿಂದ ಬಳಸುತ್ತಿದ್ದಾರೆ. ಎರಡು ಠ ಅಂದರೆ ಎರಡು ಕಣ್ಣು. ತಲೆಕಟ್ಟು ಹುಬ್ಬಾಯಿತು, ಒಳಗಿನ ಚುಕ್ಕಿ ಕಣ್ಣಿನ ಗುಡ್ಡೆಯಾಯಿತು, ನಡುವಿನ ಗೆರೆ ಬಿಗಿದ ತುಟಿ. ಯಾರಾದರೂ ಅಸಂಬದ್ಧ ಮಾತಾಡಿದರೆ 'ಏನಪ್ಪಾ ಇದು' ಅಂತ ದುರುಗುಟ್ಟಿ ನೋಡಲು ಇದನ್ನು ಹಾಕುತ್ತಾರೆ. ಅಳುವುದಕ್ಕೆ ಥ_ಥ. ಥ-ಕ್ಕೆ ಕೆಳಗೆ ಸೀಳು ಇದೆಯಲ್ಲ, ಅದು ಕಣ್ಣೀರು! ಯುನಿಕೋಡ್‌ನಲ್ಲಿ (ಎಲ್ಲ ಭಾಷೆಯ ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಒಂದೊಂದು ಸಂಖ್ಯೆ ಕೊಡುವ ಪಟ್ಟಿ) ಕನ್ನಡ ಲಿಪಿ 1991ರ ಮೊದಲ ಆವೃತ್ತಿಯಿಂದಲೇ ಇದೆ. ಹಾಗಾಗಿ ಜಗತ್ತಿನ ಯಾವ ಮೂಲೆಯವರಿಗೂ ನಮ್ಮ ಅಕ್ಷರ ಎತ್ತಿಕೊಳ್ಳಲು ಸಿಗುತ್ತದೆ. ನಮ್ಮ ಮಹಾಪ್ರಾಣಗಳು ಲೋಕಕ್ಕೇ ಮುಖ ಕೊಟ್ಟಿವೆ ಅಂದರೆ ನನಗಂತೂ ಹೆಮ್ಮೆ.

ಈಗ ನಿಮ್ಮ ಸರದಿ.

ಬೆಲ್ಲದಚ್ಚು, ಮಂಡ್ಯ:
ಅಣ್ಣ, ಠ ನೋಡಿ ತುಂಬಾ ಖುಷಿ ಆಯ್ತು. ಅಕ್ಷರದ ವಿಷಯ ಬಂತಲ್ಲ, ನನ್ನದೂ ಒಂದು ಇದೆ. ನಾನು ಡಿಟಿಪಿ ಕೆಲಸದವಳು. ಮದುವೆ ಕಾರ್ಡು, ಫ್ಲೆಕ್ಸು, ಕರಪತ್ರ, ಇದೇ ದಿನವೂ. ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶದ ಹಳೆ ಫಾಂಟಲ್ಲಿ ಟೈಪ್ ಮಾಡಿದ್ದನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆಗೆಯಿರಿ. 'ಕನ್ನಡ' ಅಂತ ಇರುವ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡಿನ ಗುರುತು, ಮತ್ತೆ ಗೀಟಿನ ಎ, ಆಮೇಲೆ ಜರ್ಮನಿಯವರ ಒಂದು ಅಕ್ಷರ, ಒಂದು ಕ್ಯೂ, ಕೊನೆಗೆ ಇನ್ನೊಂದು ಗೀಟಿನ ಎ ಕಾಣುತ್ತದೆ. ಹಳೆ ಫಾಂಟಲ್ಲಿ ಕನ್ನಡದ ಅಕ್ಷರದ ತುಂಡುಗಳನ್ನು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಕೂರಿಸಿದ್ದರು. ಫಾಂಟ್ ಹೋದರೆ ಮನೆಯ ಮೂಲ ಯಜಮಾನ ಹೊರಗೆ ಬರುತ್ತಾನೆ. ನಡುವಿನ ಜರ್ಮನ್ ಅಕ್ಷರ ಇದೆಯಲ್ಲ, ಅದೇ ನಮ್ಮ ನ-ಒತ್ತು.

ದಿನಾ ನೋಡಿ ನೋಡಿ ನನಗೆ ಈಗ ಒಂದಷ್ಟು ಪದ ಹಾಗೇ ಓದಲು ಬರುತ್ತದೆ. ಇದನ್ನು ಯುನಿಕೋಡ್‌ಗೆ ತಿರುಗಿಸುವ ಕನ್ವರ್ಟರುಗಳು ಬಿಟ್ಟಿಯಾಗಿ ಇಂಟರ್ನೆಟ್‌ನಲ್ಲಿವೆ. ಮಾಡಿಟ್ಟವರಿಗೆ ನಾನು ದಿನಾ ಕೈ ಮುಗಿಯುತ್ತೇನೆ.

ಕುವೆಂಪುನಗರ ಮೇಷ್ಟ್ರು:
ಒಳ್ಳೆ ವಿಷಯ ಎತ್ತಿದ್ದೀರಿ. ನನ್ನ ಲೆಕ್ಕದಲ್ಲಿ ಈ ವಂಶದ ಮೂಲಪುರುಷ ಒಂದು ಕಾಫಿ ಪಾತ್ರೆ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬಿನಲ್ಲಿ ಟ್ರೋಜನ್ ರೂಮ್ ಅಂತ ಒಂದು ಕೋಣೆ. ಅದರ ಹೊರಗೆ ಕಾಫಿ ಯಂತ್ರ. ಬೇರೆ ಮಹಡಿಯಿಂದ ಮೆಟ್ಟಿಲು ಹತ್ತಿಳಿದು ಬಂದರೆ ಪಾತ್ರೆ ಖಾಲಿ! 1991ರಲ್ಲಿ ಅಲ್ಲಿನವರು ಪಾತ್ರೆಗೆ ಒಂದು ಕ್ಯಾಮೆರಾ ತಿರುಗಿಸಿಟ್ಟರು. ನಿಮಿಷಕ್ಕೆ ಮೂರು ಸಲ ಕಪ್ಪುಬಿಳುಪು ಚಿತ್ರ, ಅಳತೆ 128ಕ್ಕೆ 128 ಚುಕ್ಕಿ. ಕೂತಲ್ಲೇ ನೋಡಿ ಕಾಫಿ ಇದ್ದರೆ ಮಾತ್ರ ಎದ್ದು ಹೋಗೋದು. 1993ರಲ್ಲಿ ಅದನ್ನು ವೆಬ್‌ಗೆ ಹಾಕಿದರು. ಲೋಕದ ಮೊದಲ ವೆಬ್‌ಕ್ಯಾಮ್ ಹುಟ್ಟಿದ್ದು ಹೀಗೆ. ಎಲ್ಲೆಲ್ಲಿಂದಲೋ ಜನ ಯಾರದೋ ಕಾಫಿ ಪಾತ್ರೆ ನೋಡಲು ಬರುತ್ತಿದ್ದರು. 2001ರ ಆಗಸ್ಟ್‌ನಲ್ಲಿ ಕ್ಯಾಮೆರಾ ಆರಿಸಿದರು. ಆ ಕಾಫಿ ಯಂತ್ರವನ್ನು ಹರಾಜಿಗಿಟ್ಟಾಗ ಜರ್ಮನಿಯ ಶ್ಪೀಗೆಲ್ ಪತ್ರಿಕೆಯ ಆನ್‌ಲೈನ್ ವಿಭಾಗದವರು 3,350 ಪೌಂಡ್ ಕೊಟ್ಟು ಕೊಂಡರು.

ನನಗೆ ಇದರಲ್ಲಿ ಹಿಡಿಸಿದ್ದು ಒಂದು. ವೆಬ್‌ಕ್ಯಾಮ್ ಕಂಡುಹಿಡಿಯುತ್ತೇವೆ ಅಂತ ಅವರು ಹೊರಟವರಲ್ಲ. ಕಾಫಿ ಬೇಕಿತ್ತು, ಅಷ್ಟೇ.

ಇನ್ನೊಂದು, ಜನರೇಟರ್ ವಿಷಯ. 2005ರಲ್ಲಿ ಅಮೆರಿಕದ ಎಂಐಟಿಯ ಮೂವರು ವಿದ್ಯಾರ್ಥಿಗಳು 'ಸೈಜೆನ್' ಅಂತ ಮಾಡಿದರು. ನಿಮ್ಮ ಹೆಸರು ಕೊಟ್ಟು ಒಂದು ಗುಂಡಿ ಒತ್ತಿದರೆ ಕಂಪ್ಯೂಟರ್ ಸೈನ್ಸ್‌ನ ಒಂದು ಸಂಶೋಧನಾ ಲೇಖನ ತಯಾರು. ತಲೆಬರಹ, ಗ್ರಾಫು, ಚಿತ್ರ, ಉಲ್ಲೇಖ ಎಲ್ಲ ಇರುತ್ತದೆ. ಅರ್ಥ ಮಾತ್ರ ಒಂದು ವಾಕ್ಯಕ್ಕೂ ಇಲ್ಲ. ಅದು ಬರೆದ ಒಂದು ಲೇಖನವನ್ನು ಒಂದು ಸಮ್ಮೇಳನದವರು ಒಪ್ಪಿಕೊಂಡೂಬಿಟ್ಟರು. ಕತೆ ಅಲ್ಲಿಗೆ ಮುಗಿಯಲಿಲ್ಲ. ಫ್ರಾನ್ಸಿನ ಸಿರಿಲ್ ಲಬ್ಬೆ ಅನ್ನುವ ಸಂಶೋಧಕ ಇಂಥ ಲೇಖನಗಳನ್ನು ಪತ್ತೆ ಮಾಡುವ ದಾರಿ ಹುಡುಕಿದರು. 2014ರಲ್ಲಿ ಸ್ಪ್ರಿಂಗರ್ ಮತ್ತು ಐಇಇಇ ಅನ್ನುವ ಪ್ರಕಾಶನ ಸಂಸ್ಥೆಗಳು ಸೇರಿ ಇಂಥ 120ಕ್ಕೂ ಹೆಚ್ಚು ಲೇಖನ ತೆಗೆದುಹಾಕಿದವು. ನಗಿಸಲು ಮಾಡಿದ ಆಟಿಕೆ ಒಂದು ಇಡೀ ವ್ಯವಸ್ಥೆಯ ತೂತು ತೋರಿಸಿಕೊಟ್ಟಿತು ನೋಡಿ.

ಮದ್ದೂರು ವಡೆ:
ನಾನು ಚಿಕ್ಕದಾಗಿ ಹೇಳ್ತೀನಿ. ಕ್ರೋಮ್‌ನಲ್ಲಿ ನೆಟ್ ಹೋದಾಗ ಬರುವ ಡೈನೋಸಾರ್. 2014ರಿಂದ ಇದೆ. ಸ್ಪೇಸ್ ಒತ್ತಿದರೆ ಓಡುತ್ತದೆ, ಕಳ್ಳಿಗಿಡ ಹಾರುತ್ತದೆ. 700 ಅಂಕ ಆದರೆ ಹಗಲು ಹೋಗಿ ರಾತ್ರಿ ಆಗುತ್ತದೆ, ಅಲ್ಲಿವರೆಗೂ ಹೋದವರು ಕೈ ಎತ್ತಿ. ಮಾಡಿದವರು ಇದನ್ನು 1.7 ಕೋಟಿ ವರ್ಷ ಆಡುವಷ್ಟು ಉದ್ದ ಇಟ್ಟಿದ್ದೇವೆ ಅಂದಿದ್ದಾರೆ.

ಹಾಗೇ ಗೂಗಲ್‌ನಲ್ಲಿ ಇಂಗ್ಲಿಷಲ್ಲಿ 'ಆಸ್ಕ್ಯೂ' ಅಂತ ಹುಡುಕಿ. ಪುಟ ಓರೆಯಾಗಿ ನಿಲ್ಲುತ್ತದೆ. ನಮ್ಮಪ್ಪ ಫೋನ್ ಕೆಟ್ಟೋಯ್ತು ಅಂತ ಗಾಬರಿಯಾಗಿ ಅಂಗಡಿಗೆ ಹೊರಟೇಬಿಟ್ಟಿದ್ದರು.

ಬೆಸುಗೆ ಕಡ್ಡಿ:
ಯಂತ್ರದ ವಿಷಯ ನನಗೆ ಬಿಡಿ. ನನ್ನ ಪ್ರಕಾರ ಇದುವರೆಗೂ ಮನುಷ್ಯ ಮಾಡಿರುವ ಅತಿ ಮುದ್ದಾದ ಯಂತ್ರ 'ಯೂಸ್‌ಲೆಸ್ ಬಾಕ್ಸ್'. ಒಂದು ಮರದ ಪೆಟ್ಟಿಗೆ, ಮೇಲೆ ಒಂದು ಸ್ವಿಚ್ಚು. ನೀವು ಆನ್ ಮಾಡುತ್ತೀರಿ. ಮುಚ್ಚಳ ತೆರೆಯುತ್ತದೆ, ಒಳಗಿಂದ ಒಂದು ಪುಟ್ಟ ಕೈ ಬರುತ್ತದೆ, ಸ್ವಿಚ್ಚನ್ನು ಆಫ್ ಮಾಡುತ್ತದೆ, ಒಳಗೆ ಹೋಗಿ ಮುಚ್ಚಳ ಹಾಕಿಕೊಳ್ಳುತ್ತದೆ. ಅದರ ಕೆಲಸ ಅಷ್ಟೇ. ಈ ಉಪಾಯ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಮಾರ್ವಿನ್ ಮಿನ್ಸ್ಕಿ ಅವರದು. 1952ರಲ್ಲಿ ಬೆಲ್ ಲ್ಯಾಬ್ಸ್ ಅನ್ನುವ ಸಂಶೋಧನಾಲಯದಲ್ಲಿದ್ದಾಗ ಹೊಳೆದದ್ದು. ಅದನ್ನು ಕಟ್ಟಿ ಮೇಜಿನ ಮೇಲೆ ಇಟ್ಟುಕೊಂಡವರು ಕ್ಲಾಡ್ ಶಾನನ್. ಇವತ್ತು ನಾವು ಮಾಹಿತಿಯನ್ನು ಬಿಟ್ ಲೆಕ್ಕದಲ್ಲಿ ಅಳೆಯುತ್ತೇವಲ್ಲ, ಆ ಮಾಹಿತಿ ಸಿದ್ಧಾಂತ ಕೊಟ್ಟ ಅದೇ ಶಾನನ್.

ಮನೆಯಲ್ಲೇ ಮಾಡಬಹುದು. ಚಿಪ್ಪು ಬೇಡ, ಕೋಡ್ ಬೇಡ. ಬೇಕಾಗಿರೋದು: ಹಳದಿ ಗೇರ್ ಮೋಟಾರು (ಅಂಗಡಿಯಲ್ಲಿ ಬಿ.ಓ. ಮೋಟಾರ್ ಅಂತ ಕೇಳಿ), ಆರು ಕಾಲಿನ ಡಿಪಿಡಿಟಿ ಟಾಗಲ್ ಸ್ವಿಚ್ಚು, ಒಂದು ಮೈಕ್ರೋಸ್ವಿಚ್ಚು, ಪೆನ್ಸಿಲ್ ಸೆಲ್ಲು. ಟಾಗಲ್ ಸ್ವಿಚ್ಚಿನ ಮೂಲೆಯ ನಾಲ್ಕು ಕಾಲುಗಳನ್ನು ಅಡ್ಡಡ್ಡ ಕೂಡಿಸಿ ಬೆಸುಗೆ ಹಾಕಬೇಕು, ಕತ್ತರಿ ಆಕಾರದಲ್ಲಿ. ಆಗ ಸ್ವಿಚ್ಚು ಒಂದು ಕಡೆ ಇದ್ದರೆ ಮೋಟಾರು ಮುಂದಕ್ಕೆ, ಇನ್ನೊಂದು ಕಡೆ ಇದ್ದರೆ ಹಿಂದಕ್ಕೆ. ಕೈ ಬಂದು ಸ್ವಿಚ್ಚನ್ನು ತಳ್ಳಿದ ಕೂಡಲೇ ಮೋಟಾರು ಉಲ್ಟಾ ತಿರುಗಿ ತಾನೇ ವಾಪಸ್ ಹೋಗುತ್ತದೆ. ಪೂರ್ತಿ ಒಳಗೆ ಹೋದಾಗ ಮೈಕ್ರೋಸ್ವಿಚ್ಚಿನ ಮೇಲೆ ಕೂರುತ್ತದೆ, ಕರೆಂಟು ಕಟ್.

ಒಂದು ಗಮನ ಇರಲಿ. ಮೈಕ್ರೋಸ್ವಿಚ್ಚು ವಾಪಸ್ ಹೋಗುವ ದಾರಿಯ ವೈರಿನಲ್ಲಿ ಮಾತ್ರ ಬರಬೇಕು. ಎರಡೂ ದಾರಿಗೆ ಸೇರುವ ಹಾಗೆ ಹಾಕಿದರೆ ಕೈ ಆಚೆಗೇ ಬರುವುದಿಲ್ಲ. ಸಾಮಾನು ನನಗೆ ಶಿವರಾಂಪೇಟೆಯಲ್ಲಿ ಸಿಕ್ಕಿತು. ಕೈಯನ್ನು ಐಸ್‌ಕ್ರೀಮ್ ಕಡ್ಡಿಯಲ್ಲಿ ಮಾಡಿದೆ. ಮನೆಗೆ ಬಂದವರು ಕಾಫಿ ಕುಡಿಯೋದು ಬಿಟ್ಟು ಸ್ವಿಚ್ಚು ಒತ್ತುತ್ತಾ ಕೂರುತ್ತಾರೆ.

ಮೊಮ್ಮಕ್ಕಳ ಅಜ್ಜಿ, ಸರಸ್ವತಿಪುರಂ:
ಬೆಸುಗೆ ಕಡ್ಡಿ ಮರಿ, ನಿನ್ನ ಪೆಟ್ಟಿಗೆ ಓದಿ ಜಗನ್ಮೋಹನ ಅರಮನೆಯ ಗಡಿಯಾರ ನೆನಪಾಯಿತು. ಫ್ರಾನ್ಸಿನದು. ಗಂಟೆಗೊಂದು ಸಲ ಪುಟಾಣಿ ಸೈನಿಕರು ಸಾಲಾಗಿ ಹೊರಗೆ ಬಂದು ಪೆರೇಡ್ ಮಾಡುವ ಹಾಗೆ ಮಾಡಿದ್ದಾರೆ. ಅದೂ ಬರೀ ಕಣ್ಣಿನ ಖುಷಿಗೇ ತಾನೆ? ಮೈಸೂರಿನವರಿಗೆ ಈ ರುಚಿ ಹೊಸದಲ್ಲ ಕಣಪ್ಪಾ.

ನನ್ನ ಪಾಲಿನದು 'ರೇಡಿಯೋ ಗಾರ್ಡನ್'. ಮೊಮ್ಮಗಳು ತೋರಿಸಿಕೊಟ್ಟಳು. ನೆದರ್‌ಲ್ಯಾಂಡ್ಸ್‌ನವರು 2016ರಲ್ಲಿ ಶುರು ಮಾಡಿದ್ದು. ಪರದೆ ಮೇಲೆ ಭೂಮಿ, ಅದರ ತುಂಬ ಹಸಿರು ಚುಕ್ಕಿ. ಬೆರಳಲ್ಲಿ ಭೂಮಿಯನ್ನು ತಿರುಗಿಸಿ ಒಂದು ಚುಕ್ಕಿ ಮೇಲೆ ನಿಲ್ಲಿಸಿದರೆ ಆ ಊರಿನ ರೇಡಿಯೋ ಆ ಗಳಿಗೆಯಲ್ಲಿ ಏನು ಹಾಡುತ್ತಿದೆಯೋ ಅದೇ ಕೇಳುತ್ತದೆ. ಒಂದು ಊರಿಂದ ಇನ್ನೊಂದು ಊರಿಗೆ ಹೋಗುವಾಗ ಹಳೆ ರೇಡಿಯೋದ ಥರ ಕರ್ ಅನ್ನುವ ಸದ್ದು ಬೇರೆ. ನಾನು ಬೆಳಿಗ್ಗೆ ಅವರೆಕಾಳು ಸುಲಿಯುತ್ತಾ ಐಸ್‌ಲ್ಯಾಂಡ್ ಕೇಳುತ್ತೇನೆ. ಮಾತು ಒಂದೂ ತಿಳಿಯುವುದಿಲ್ಲ, ಹವಾಮಾನ ಹೇಳುತ್ತಿದ್ದಾರೆ ಅಂತ ಮಾತ್ರ ಗೊತ್ತಾಗುತ್ತದೆ.

ನಮ್ಮ ಊರಿಗೂ ಈ ಕೀರ್ತಿ ಇದೆ. 1935ರಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ಒಂದು ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೋ ಶುರು ಮಾಡಿದರು. ಅದೇ ಮೈಸೂರು ಆಕಾಶವಾಣಿ. ಒಬ್ಬರ ಆಸೆಯಿಂದ ಎಷ್ಟು ದೊಡ್ಡದು ಆಗುತ್ತದೆ ನೋಡಿ.

ಒಂಟಿಕೊಪ್ಪಲ್ ಓದುಗ:
ಅಜ್ಜಿ, ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಬೇಕಿರಲಿಲ್ಲ. ನಾನು ಹುಡುಕುತ್ತಿರೋದೂ ಅದನ್ನೇ. ಕಂಪನಿ ಮಾಡಿದ್ದಕ್ಕಿಂತ ಒಬ್ಬರು ಕೂತು ಮಾಡಿದ್ದರಲ್ಲಿ ಮಾಡಿದವರ ಸ್ವಭಾವ ಕಾಣುತ್ತದೆ.

ನೀಲ್ ಅಗರ್‌ವಾಲ್ ಅನ್ನುವ ಒಬ್ಬ ಪ್ರೋಗ್ರಾಮರ್ ನಡೆಸುವ 'ನೀಲ್ ಡಾಟ್ ಫನ್' ನೋಡಿ. ಅದರಲ್ಲಿ 'ಡೀಪ್ ಸೀ' ಅಂತ ಒಂದು ಪುಟ ಇದೆ. ಬೆರಳಲ್ಲಿ ಕೆಳಕ್ಕೆ ಸರಿಸುತ್ತಾ ಹೋದರೆ ಸಮುದ್ರದೊಳಕ್ಕೆ ಇಳಿಯುತ್ತೀರಿ. ಯಾವ ಪ್ರಾಣಿ ಎಷ್ಟು ಆಳದಲ್ಲಿ ಇರುತ್ತದೋ ಅಲ್ಲೇ ಅದರ ಚಿತ್ರ. 332 ಮೀಟರಿಗೆ ಮನುಷ್ಯ ಸ್ಕೂಬಾ (ಬೆನ್ನಿಗೆ ಉಸಿರಾಟದ ಸಿಲಿಂಡರ್) ಕಟ್ಟಿಕೊಂಡು ಇಳಿದ ದಾಖಲೆ. ಸುಮಾರು 3,800 ಮೀಟರಿಗೆ ಟೈಟಾನಿಕ್ ಮಲಗಿದೆ. ಅಲ್ಲಿಗೆ ಬೆರಳು ಸೋತಿರುತ್ತದೆ, ಆದರೆ ತಳ ಇನ್ನೂ ಬಹಳ ಕೆಳಗೆ, ಸುಮಾರು 11 ಕಿಲೋಮೀಟರ್ ಆಳದ ಚಾಲೆಂಜರ್ ಡೀಪ್‌ನಲ್ಲಿ. ಪುಸ್ತಕದಲ್ಲಿ ಈ ಸಂಖ್ಯೆಗಳನ್ನು ಓದಿದ್ದೆ. ಆಳ ಅಂದರೆ ಏನು ಅಂತ ಗೊತ್ತಾಗಿದ್ದು ಬೆರಳು ನೊಂದಾಗ.

ಬೆಲ್ಲದಚ್ಚು, ಮಂಡ್ಯ:
ಎಲ್ಲಾ ಬೇರೆಯವರು ಮಾಡಿದ್ದೇ ಆಯ್ತು, ನಾವೂ ಒಂದು ಮಾಡೋಣವಾ? ನನ್ನ ತಲೆಯಲ್ಲಿ ಬಹಳ ದಿನದಿಂದ ಇರೋದು 'ಹುಟ್ಟುಹಬ್ಬದ ಫ್ಲೆಕ್ಸ್ ಜನರೇಟರ್'. ಮಂಡ್ಯದಲ್ಲಿ ಫ್ಲೆಕ್ಸ್ ಅಂದರೆ ಎಷ್ಟು ಸಡಗರ ಅಂತ ನಿಮಗೆ ಗೊತ್ತು. ನಡುವೆ ದೊಡ್ಡ ಫೋಟೋ, ಕೆಳಗೆ ಶುಭ ಕೋರುವವರ ತಲೆಗಳ ಸಾಲು. ಆ ಕೆಳಗಿನ ಸಾಲಲ್ಲಿ ತನ್ನ ಮುಖ ಬಂದರೆ ಹುಡುಗರಿಗೆ ಆಗುವ ಸಂತೋಷ ನಾನು ಕಣ್ಣಾರೆ ಕಂಡಿದ್ದೇನೆ. ಬ್ಯಾನರ್ ಕಟ್ಟೋ ಮೊದಲೇ ಅಂಗಡಿಗೆ ಬಂದು ಪರದೆಯಲ್ಲಿ ನೋಡಿಕೊಂಡು ಹೋಗುತ್ತಾರೆ. ಆ ಪ್ರೀತಿ ಹಾಗೇ ಇರಬೇಕು, ಯಾರನ್ನೂ ಆಡಿಕೊಳ್ಳುವ ಹಾಗಿರಬಾರದು.

ಹೆಸರು ಕೊಟ್ಟರೆ ಬಿರುದು ತಾನೇ ಬರಬೇಕು. ಕೊಡುಗೈ ದಾನಿ, ಬಡವರ ಬಂಧು, ಕ್ರೀಡಾ ಪ್ರೋತ್ಸಾಹಕರು, ಸ್ನೇಹಜೀವಿ, ಕಬ್ಬಿನ ಗದ್ದೆಯ ಕಣ್ಮಣಿ. ಒಂದು ಪಟ್ಟಿ ಬಿರುದು, ಒಂದು ಪಟ್ಟಿ ಹಾರೈಕೆ, ಒಂದು ಪಟ್ಟಿ ಶುಭ ಕೋರುವ ಬಳಗ, ಜೊತೆಗೆ ಜಿಲ್ಲೆಯ 7 ತಾಲ್ಲೂಕು. ಪಟ್ಟಿಗೆ 12 ಇಟ್ಟರೂ 12,096 ಬೇರೆ ಬೇರೆ ಫ್ಲೆಕ್ಸ್ ಆಗುತ್ತದೆ.

ಕುವೆಂಪುನಗರ ಮೇಷ್ಟ್ರು:
ಭೇಷ್ ತಾಯಿ! ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಇಂಗ್ಲಿಷಿನ ಜನರೇಟರುಗಳಲ್ಲಿ ಖಾಲಿ ಜಾಗಕ್ಕೆ ಪದ ತುಂಬಿದರೆ ಕೆಲಸ ಮುಗಿಯಿತು. ಕನ್ನಡದಲ್ಲಿ ವಿಭಕ್ತಿ ಬಿಡುವುದಿಲ್ಲ. 'ಹೆಮ್ಮೆ ತಂದ' ಅಂತ ಸಾಲು ಇದ್ದರೆ ಮಂಡ್ಯಕ್ಕೆ, ಮದ್ದೂರಿಗೆ, ಮಳವಳ್ಳಿಗೆ, ಮೂರೂ ಬೇರೆ. ಆದರೆ ನಿಯಮ ಸುಲಭ. ಊರಿನ ಹೆಸರು ಅಕಾರದಲ್ಲಿ ಮುಗಿದರೆ 'ಕ್ಕೆ' ಸೇರಿಸಿ: ಪಾಂಡವಪುರಕ್ಕೆ, ನಾಗಮಂಗಲಕ್ಕೆ, ಶ್ರೀರಂಗಪಟ್ಟಣಕ್ಕೆ. ಉಕಾರ ಇದ್ದರೆ ಅದನ್ನು ತೆಗೆದು 'ಇಗೆ': ಮದ್ದೂರಿಗೆ. ಇಕಾರ, ಎಕಾರಕ್ಕೆ ಬರೀ 'ಗೆ': ಮಳವಳ್ಳಿಗೆ, ಕೆ.ಆರ್. ಪೇಟೆಗೆ. ಏಳು ತಾಲ್ಲೂಕೂ ಇಷ್ಟರಲ್ಲೇ ಮುಗಿಯಿತು.

ಮನುಷ್ಯರ ವಿಷಯಕ್ಕೆ ಬಂದರೆ ಇದು ಕೈಕೊಡುತ್ತದೆ. 'ಅಣ್ಣ' ಅಕಾರದಲ್ಲೇ ಮುಗಿದರೂ 'ಅಣ್ಣಕ್ಕೆ' ಅಂತ ಯಾರೂ ಅನ್ನುವುದಿಲ್ಲ, 'ಅಣ್ಣನಿಗೆ' ಅನ್ನಬೇಕು. ಫ್ಲೆಕ್ಸ್‌ನಲ್ಲಿ ಹೇಗೂ ಮರ್ಯಾದೆ ಕೊಡಲೇಬೇಕಲ್ಲ, ಯಾವ ಹೆಸರು ಬಂದರೂ ಮುಂದೆ 'ಅವರಿಗೆ' ಅಂತ ಹಾಕಿಬಿಡಿ. ವ್ಯಾಕರಣಕ್ಕೂ ಕ್ಷೇಮ, ಊರಿಗೂ ಕ್ಷೇಮ.

ಹೊಸ ಹುಡುಗ, ಹೆಬ್ಬಾಳ್:
ತಪ್ಪು ತಿಳಿಯಬೇಡಿ, ನನಗೊಂದು ಅನುಮಾನ. ಇಷ್ಟೆಲ್ಲ ಕಷ್ಟ ಯಾಕೆ? ಈಗ ಎಐಗೆ ಹೇಳಿದರೆ ನಿಮಿಷದಲ್ಲಿ ನೂರು ಫ್ಲೆಕ್ಸ್ ಬರಹ ಕೊಡುತ್ತದೆ, ವಿಭಕ್ತಿನೂ ಅದೇ ನೋಡಿಕೊಳ್ಳುತ್ತದೆ.

ಬೆಸುಗೆ ಕಡ್ಡಿ:
ಕೊಡುತ್ತದೆ ತಮ್ಮ, ನಾನೂ ಬಳಸುತ್ತೇನೆ. ಆದರೆ ಪಟ್ಟಿ ನಾವೇ ಮಾಡಿದರೆ ಒಳಗಿನ ಗೇರು ಕಣ್ಣಿಗೆ ಕಾಣುತ್ತದೆ. 'ಕಬ್ಬಿನ ಗದ್ದೆಯ ಕಣ್ಮಣಿ' ಬಂದಾಗ ಅದನ್ನು ಬರೆದವರು ಬೆಲ್ಲದಚ್ಚು ಅಕ್ಕ ಅಂತ ನಮಗೆ ಗೊತ್ತಿರುತ್ತದೆ. ಎಂಟನೇ ಕ್ಲಾಸಿನ ಮಗುವೂ ಕೋಡ್ ತೆರೆದು ತನ್ನ ಒಂದು ಬಿರುದು ಸೇರಿಸಬಹುದು. ಆ ಬಾಗಿಲು ತೆರೆದಿರಬೇಕು ಅನ್ನೋದು ನನ್ನ ಆಸೆ.

ಇನ್ನೊಂದು ದಾರಿ ಮಾರ್ಕೋವ್ ಸರಪಳಿ, ಅಂದರೆ ಈಗಿನ ಅಕ್ಷರ ನೋಡಿ ಮುಂದೆ ಯಾವುದು ಬರಬಹುದು ಅಂತ ಊಹಿಸುವ ಲೆಕ್ಕ. ರಷ್ಯಾದ ಗಣಿತಜ್ಞ ಮಾರ್ಕೋವ್ 1913ರಲ್ಲಿ ಪುಷ್ಕಿನ್‌ನ ಕಾವ್ಯದ 20,000 ಅಕ್ಷರ ಕೈಯಲ್ಲೇ ಎಣಿಸಿ, ಸ್ವರದ ಮುಂದೆ ವ್ಯಂಜನ ಎಷ್ಟು ಸಲ ಬರುತ್ತದೆ ಅಂತ ಲೆಕ್ಕ ಹಾಕಿದರು. ಅದೇ ಲೆಕ್ಕದಿಂದ ಇಲ್ಲದ ಊರಿನ ಹೆಸರು ಹುಟ್ಟಿಸಬಹುದು. ಕನ್ನಡದಲ್ಲಿ ಮಾಡುವಾಗ ಹುಷಾರು. 'ಲಕ್ಷ್ಮಿ' ನಮ್ಮ ಕಣ್ಣಿಗೆ ಎರಡು ಅಕ್ಷರ, ಯುನಿಕೋಡ್‌ಗೆ ಏಳು ತುಂಡು: ಲ, ಕ, ವಿರಾಮ (ಅಕ್ಷರದ ಸ್ವರ ತೆಗೆಯುವ ಗುರುತು), ಷ, ಇನ್ನೊಂದು ವಿರಾಮ, ಮ, ಗುಡಿಸು. ತುಂಡು ತುಂಡಾಗಿ ಕತ್ತರಿಸಿದರೆ ಒತ್ತು, ಗುಡಿಸುಗಳು ಆಸರೆ ಇಲ್ಲದೆ ಚುಕ್ಕಿ ಸುತ್ತಿನ ಮೇಲೆ ನೇತಾಡುತ್ತವೆ. ಪೂರ್ತಿ ಅಕ್ಷರಕ್ಕೆ ಕತ್ತರಿಸಬೇಕು.

ಮೊಮ್ಮಕ್ಕಳ ಅಜ್ಜಿ, ಸರಸ್ವತಿಪುರಂ:
ಒಂದು ಎಚ್ಚರಿಕೆ. 'ನೀವು ಹೋದ ಜನ್ಮದಲ್ಲಿ ಯಾವ ರಾಜ' ಅಂತ ಬರುತ್ತವಲ್ಲ, ಅದರಲ್ಲಿ ಕೆಲವು ಹುಟ್ಟಿದ ದಿನ, ತಾಯಿ ಹೆಸರು, ಫೋಟೋಗಳ ಅನುಮತಿ ಕೇಳುತ್ತವೆ. ನಗಿಸುವ ಸೈಟಿಗೆ ನಮ್ಮ ಕಾಂಟ್ಯಾಕ್ಟ್ ಪಟ್ಟಿ ಯಾಕೆ ಬೇಕು? ಕೇಳಿದ ಕೂಡಲೇ ಮುಚ್ಚಿಬಿಡಿ. ಓಟಿಪಿ ಅಂತೂ ಯಾರಿಗೂ ಬೇಡ.

ಮದ್ದೂರು ವಡೆ:
ಯಂತ್ರದ ಪಟ್ಟಿಗೆ ಒಂದು ಮುಖ್ಯವಾದದ್ದು ಬಿಟ್ಟುಹೋಗಿದೆ. ಫೋಲ್ಡ್‌ಸ್ಕೋಪ್! ಕಾಗದ ಮಡಚಿ ಮಾಡುವ ಸೂಕ್ಷ್ಮದರ್ಶಕ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿರುವ ಮನು ಪ್ರಕಾಶ್ ಅವರ ಲ್ಯಾಬಿನದು. ಸುಮಾರು 140 ಪಟ್ಟು ದೊಡ್ಡದಾಗಿ ಕಾಣುತ್ತದೆ. ನಾನು ವಿ.ಸಿ. ನಾಲೆಯ ಒಂದು ಹನಿ ನೀರು ಇಟ್ಟು ಫೋನಿನ ಕ್ಯಾಮೆರಾಗೆ ಅಂಟಿಸಿ ನೋಡಿದೆ. ಹಸಿರು ಎಳೆಗಳು, ಅದರ ನಡುವೆ ಗಾಜಿನಂಥ ಒಂದು ಜೀವಿ ಬಾಯಿ ಸುತ್ತ ಕೂದಲು ತಿರುಗಿಸುತ್ತಾ ಏನೋ ತಿನ್ನುತ್ತಿತ್ತು. ಪಕ್ಕದ ಮನೆ ಮಕ್ಕಳು ಊಟಕ್ಕೂ ಏಳಲಿಲ್ಲ.

ಅದೇ ಲ್ಯಾಬಿನವರು 2017ರಲ್ಲಿ ಇನ್ನೊಂದು ಮಾಡಿದರು, ಪೇಪರ್‌ಫ್ಯೂಜ್. ಅಂಗಿ ಗುಂಡಿಗೆ ದಾರ ಪೋಣಿಸಿ ಎರಡೂ ಕೈಯಲ್ಲಿ ಎಳೆದು ಗುಂಯ್ ಅನ್ನಿಸುತ್ತಿದ್ದೆವಲ್ಲ, ಅದೇ ಆಟ. ಗುಂಡಿ ಬದಲು ಕಾಗದದ ಬಿಲ್ಲೆ. ನಿಮಿಷಕ್ಕೆ 1,25,000 ಸುತ್ತು ತಿರುಗುತ್ತದೆ, ರಕ್ತದಿಂದ ಪ್ಲಾಸ್ಮಾವನ್ನು (ರಕ್ತದ ತಿಳಿ ದ್ರವ) ಒಂದೂವರೆ ನಿಮಿಷದಲ್ಲಿ ಬೇರೆ ಮಾಡುತ್ತದೆ. ಕರೆಂಟೇ ಬೇಡ.

ಒಂಟಿಕೊಪ್ಪಲ್ ಓದುಗ:
ಗುಂಡಿ ಆಟ ಓದಿ ಮೈ ಜುಮ್ಮೆಂದಿತು. ಪಟ್ಟಿಗೆ ಎರಡೂ ಸೇರಿಸಿದೆ.

ಇದಕ್ಕೆ ಒಂದು ಕೆಲಸವೂ ಸೇರಲಿ. ಇಷ್ಟ ಆದ ಪುಟ ಸಿಕ್ಕಿದ ಕೂಡಲೇ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ (ವೆಬ್‌ಪುಟಗಳ ನಕಲು ಕಾಪಿಡುವ ಸೈಟು) ಹೋಗಿ ಅದರ ವಿಳಾಸ ಕೊಟ್ಟು ಉಳಿಸಿ. ಯಾರು ಬೇಕಾದರೂ ಬಿಟ್ಟಿಯಾಗಿ ತಮ್ಮ ಪುಟ ಕಟ್ಟಬಹುದಾಗಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು, ಜನ ಪ್ರೀತಿಯಿಂದ ಕಟ್ಟಿದ್ದ ಲೆಕ್ಕವಿಲ್ಲದಷ್ಟು ಪುಟಗಳು ಅದರ ಜೊತೆ ಹೋದವು. 2020ರ ಕೊನೆಗೆ, ಬ್ರೌಸರಿನಲ್ಲಿ ಆಟ ಓಡಿಸುತ್ತಿದ್ದ ಫ್ಲ್ಯಾಶ್ ನಿಂತಿತು, ಚಿಕ್ಕ ಆಟಗಳು ಎಷ್ಟೋ ಸತ್ತವು. ಯಾರಾದರೂ ಉಳಿಸಿದ್ದರೆ ಮಾತ್ರ ಇವತ್ತು ನೋಡಲು ಸಿಗುತ್ತವೆ. ನಮ್ಮ ಫ್ಲೆಕ್ಸ್ ಜನರೇಟರನ್ನೂ ಬರೀ ಒಂದೇ ಫೈಲಿನಲ್ಲಿ ಮಾಡೋಣ. ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಟ್ಟರೂ ನಡೆಯಬೇಕು, ನೆಟ್ ಇಲ್ಲದಿದ್ದರೂ ತೆರೆಯಬೇಕು. ಮೇಷ್ಟ್ರ ಮೂರು ನಿಯಮ ನಾನು ಬರೆದಾಯಿತು, ಏಳೂ ತಾಲ್ಲೂಕಿಗೆ ಸರಿಯಾಗಿ ಬರುತ್ತಿದೆ. ಮೈಸೂರು ಜಿಲ್ಲೆ ಹಾಕಿ ನೋಡಿದೆ, ನಂಜನಗೂಡಿಗೆ, ಹುಣಸೂರಿಗೆ, ಟಿ. ನರಸೀಪುರಕ್ಕೆ, ಎಲ್ಲ ಸರಿ ಇದೆ.

ಬೆಲ್ಲದಚ್ಚು, ಮಂಡ್ಯ:
ಸೂಪರ್ ಅಣ್ಣ! ಬಿರುದಿನ ಪಟ್ಟಿ ಇವತ್ತು ರಾತ್ರಿ ಕಳಿಸುತ್ತೇನೆ. ಟೈಪ್ ಮಾಡುತ್ತಾ ಒಂದು ಗೊತ್ತಾಯಿತು. 'ಬಡವರ ಬಂಧು', 'ಕೊಡುಗೈ ದಾನಿ', 'ಸ್ನೇಹಜೀವಿ' ಗಂಡಸರಿಗೂ ಹೆಂಗಸರಿಗೂ ನಡೆಯುತ್ತದೆ. 'ಯುವ ನಾಯಕ', 'ಊರಿನ ಹೆಮ್ಮೆಯ ಪುತ್ರ' ನಡೆಯೋಲ್ಲ. ಹಾಗಾಗಿ ಎರಡು ಕಾಲಂ ಮಾಡುತ್ತಿದ್ದೇನೆ, ನಾಯಕನ ಪಕ್ಕ ನಾಯಕಿ, ಪುತ್ರನ ಪಕ್ಕ ಪುತ್ರಿ. ನಮ್ಮ ಅಂಗಡಿಗೆ ಅಕ್ಕಂದಿರ ಫ್ಲೆಕ್ಸ್ ಬರೋದು ಕಮ್ಮಿ. ಅವರಿಗೆ ಒಪ್ಪುವ ಗತ್ತಿನ ಬಿರುದು ಇನ್ನೂ ಒಂದು ಐದಾರು ಬೇಕು. ಅಜ್ಜಿ, ಮೇಷ್ಟ್ರೇ, ನಿಮ್ಮ ಕಡೆಯಿಂದ ಕಳಿಸಿ. ಕೆಳಗಿನ ಸಾಲಲ್ಲಿ ಒಂಬತ್ತು ತಲೆಗೆ ಜಾಗ ಇಟ್ಟಿದ್ದೇನೆ, ಸಾಲದಿದ್ದರೆ ಹೇಳಿ, ಇನ್ನೊಂದು ಸಾಲು ಹಾಕುತ್ತೇನೆ.